ನೀವು ಬ್ರೇಕ್ ಹಾಕಿದ್ದು ಹಿಂದಿನವರಿಗೆ ಗೊತ್ತಾಗುತ್ತಾ?

ಹಾರ್ನ್ ಕೆಟ್ಟರೆ ಕಿವಿಗೆ ಗೊತ್ತಾಗುತ್ತದೆ. ಹೆಡ್‌ಲೈಟ್ ಕೆಟ್ಟರೆ ಕಣ್ಣಿಗೆ ಗೊತ್ತಾಗುತ್ತದೆ. ಬ್ರೇಕ್ ಸಡಿಲವಾದರೆ ಕಾಲಿಗೆ ಗೊತ್ತಾಗುತ್ತದೆ. ಆದರೆ ಬ್ರೇಕ್ ಲೈಟ್ ಕೆಟ್ಟರೆ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಅದು ಗೊತ್ತಾಗುವುದು ಹಿಂದೆ ಬರುವವನಿಗೆ. ಅವನಿಗೂ ಎಷ್ಟೋ ಸಲ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲೆ ಹೊಸದು, ವಾಹನಗಳು ಮಾತ್ರ ಹಳೆಯವು. ಯಾವ ಬಸ್ ನಿಲ್ದಾಣದ ಎದುರು ನಿಂತು ನೋಡಿದರೂ ಕೆಎ 34, ಕೆಎ 35, ಕೆಎ 17ರ ಹಳೆಯ ಬೈಕುಗಳು ಸಾಲಾಗಿ ಸಿಗುತ್ತವೆ. ಟ್ಯಾಂಕಿನ ಮೇಲೆ ‘ಹೀರೋ ಹೋಂಡಾ’ ಎಂದು ಬರೆದಿದ್ದರೆ ಲೆಕ್ಕ ಇನ್ನೂ ಸುಲಭ. ಆ ಎರಡು ಕಂಪನಿಗಳು ಬೇರೆಯಾಗಿ ಹೆಸರು ಬದಲಾಗಿದ್ದು 2011ರಲ್ಲಿ. ಅಂದರೆ ಆ ಬೈಕು ನಮ್ಮ ಪಿಯುಸಿಗಿಂತ ಎಷ್ಟೋ ಹಳೆಯದು. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಮೈಲೇಜ್ ಕೊಡುತ್ತದೆ, ಮಾರಲು ಮನಸ್ಸು ಬರುವುದಿಲ್ಲ. ಆದರೆ ಸೀಟಿನ ಕೆಳಗಿನ ವೈರು, ಹೋಲ್ಡರ್, ಸ್ವಿಚ್ಚುಗಳಿಗೆ ಎಂಜಿನ್ನಿನಷ್ಟು ಆಯುಷ್ಯ ಇಲ್ಲ.

ನಮ್ಮ ಕಡೆಯ ರಸ್ತೆಗಳ ಸ್ವಭಾವವೂ ಬೇರೆ. ಸುಗ್ಗಿಯಲ್ಲಿ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ಎದುರಾಗುತ್ತದೆ. ಕೊಟ್ಟೂರೇಶ್ವರನ ತೇರಿಗೆ ಹೊರಟ ಪಾದಯಾತ್ರಿಗಳು ಕತ್ತಲಲ್ಲೇ ನಡೆಯುತ್ತಿರುತ್ತಾರೆ. ಮೈಲಾರದ ಕಾರಣಿಕಕ್ಕೆ ಹೊರಟ ಎತ್ತಿನ ಗಾಡಿಗಳು ಸಾಲುಗಟ್ಟಿರುತ್ತವೆ. ಸಂಜೆ ಕುರಿ ಮಂದೆ ರಸ್ತೆ ದಾಟುತ್ತದೆ. ಇಲ್ಲಿ ಗಕ್ಕನೆ ಬ್ರೇಕ್ ಹಾಕುವುದು ದಿನನಿತ್ಯದ ಮಾತು. ಕೂಡ್ಲಿಗಿ ಬಳಿಯ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಾದರೆ ಹಿಂದೆ ಬರುವ ಲಾರಿಯ ವೇಗವೇ ಬೇರೆ.

ಗಂಟೆಗೆ 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮುಂದಿನ ಬೈಕು ನಿಧಾನವಾಗುತ್ತಿದೆ ಎಂದು ಕೆಂಪು ದೀಪ ಹೇಳದೇ, ಕಣ್ಣಳತೆಯಲ್ಲೇ ತಿಳಿಯಬೇಕಾಗಿ ಅರ್ಧ ಸೆಕೆಂಡು ತಡವಾದರೂ 8 ಮೀಟರ್ ಹೋಯಿತು. ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಮತ್ತು ಅದರ ಟ್ರೇಲರ್ ಸೇರಿದಷ್ಟು ಉದ್ದ.

ನಮ್ಮ ಓಣಿಯ ಅಣ್ಣ ಒಬ್ಬರು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು 1600 ಮೀಟರ್ ಓಟದ ಅಭ್ಯಾಸ ಮಾಡುತ್ತಿದ್ದರು. ಒಂದು ಸಂಜೆ ಅಡ್ಡ ಬಂದ ಎಮ್ಮೆಗೆ ಬ್ರೇಕ್ ಹಾಕಿದರು. ಎಮ್ಮೆ ಉಳಿಯಿತು. ಹಿಂದೆ ಬರುತ್ತಿದ್ದ ಗೂಡ್ಸ್ ಗಾಡಿ ಇವರಿಗೆ ಗುದ್ದಿತು. ಆ ಡ್ರೈವರ್ ಹೇಳಿದ್ದು ಒಂದೇ ಮಾತು: ‘ಲೈಟ್ ಹತ್ಲಿಲ್ಲಣ್ಣ, ನಿಂತಿದ್ದು ನಂಗೆ ಗೊತ್ತಾಗ್ಲಿಲ್ಲ.’ ಮೊಣಕಾಲಿನ ಕೆಳಗೆ ಮೂಳೆ ಮುರಿದು ಅಣ್ಣನಿಗೆ ಆ ವರ್ಷದ ದೈಹಿಕ ಪರೀಕ್ಷೆ ತಪ್ಪಿತು. ಮುಂದಿನ ನೇಮಕಾತಿ ಬರುವ ಹೊತ್ತಿಗೆ ವಯೋಮಿತಿ ದಾಟಿತ್ತು. ಬೈಕನ್ನು ರಿಪೇರಿಗೆ ಬಿಟ್ಟಾಗ ಸಿಕ್ಕಿದ್ದು ಕಪ್ಪಾಗಿ ಸುಟ್ಟಿದ್ದ ಒಂದು ಬಲ್ಬ್. ಅದರ ಬೆಲೆ ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿಯಷ್ಟು.

ಅಂದಿನಿಂದ ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಒಂದು ಗ್ಯಾರೇಜಿನಲ್ಲಿ ಕೂರುವುದು ನನಗೆ ಅಭ್ಯಾಸವಾಯಿತು. ನಾನು ಓದುವುದು ಎಲೆಕ್ಟ್ರಿಕಲ್ ಬಿ.ಇ. ಅಲ್ಲಿನ ಮೇಸ್ತ್ರಿ ಓದಿದ್ದು ಏಳನೇ ತರಗತಿ. ಬ್ರೇಕ್ ಲೈಟ್ ವಿಷಯದಲ್ಲಿ ನಮ್ಮಿಬ್ಬರ ಪಾಠ ಎಲ್ಲಿ ಸೇರುತ್ತದೆ ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಸರ್ಕ್ಯೂಟ್ ಎಂದರೆ ಹೋಗಿ ಬರುವ ದಾರಿ

ಬ್ರೇಕ್ ಲೈಟ್ ಒಂದು ಸರಳ ಸರ್ಕ್ಯೂಟ್. ಕರೆಂಟು ಬ್ಯಾಟರಿಯಿಂದ ಹೊರಟು ಫ್ಯೂಸ್, ಕೀಲಿ ಸ್ವಿಚ್, ಬ್ರೇಕ್ ಸ್ವಿಚ್ ದಾಟಿ ಬಲ್ಬಿಗೆ ಬರುತ್ತದೆ. ಬಲ್ಬಿನಿಂದ ಅರ್ತ್ ವೈರು ಮತ್ತು ಚಾಸಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುತ್ತದೆ. ಕಾರುಗಳಲ್ಲಿ ಕೀಲಿ ಇಲ್ಲದಿದ್ದರೂ ಬ್ರೇಕ್ ಲೈಟ್ ಹತ್ತುವುದು ಸಾಮಾನ್ಯ. ನಮ್ಮ ಬೈಕುಗಳಲ್ಲಿ ಕೀಲಿ ಆನ್ ಇರಬೇಕು.

ಬಹುತೇಕ ಬೈಕುಗಳ ಹಿಂದಿನ ಬಲ್ಬಿನ ಮೇಲೆ ‘12ವಿ 21/5ಡಬ್ಲ್ಯು’ ಎಂದಿರುತ್ತದೆ. ಒಂದೇ ಗಾಜಿನೊಳಗೆ ಎರಡು ತಂತಿಗಳಿವೆ. 5 ವ್ಯಾಟಿನದು ರಾತ್ರಿಯಿಡೀ ಉರಿಯುವ ಟೇಲ್ ಲೈಟ್. 21 ವ್ಯಾಟಿನದು ಬ್ರೇಕ್ ಒತ್ತಿದಾಗ ಮಾತ್ರ. ಹೀಗಾಗಿ ‘ಹಿಂದಿನ ಲೈಟ್ ಹತ್ತುತ್ತಿದೆಯಲ್ಲ’ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಒಂದು ತಂತಿ ಉರಿಯುತ್ತಿರುವಾಗ ಇನ್ನೊಂದು ಕಡಿದಿರಬಹುದು. ಈ ಬಲ್ಬಿನ ಎರಡು ಪಕ್ಕದ ಪಿನ್ನುಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ. ತಿರುಗುಮುರುಗಾಗಿ ಕೂರಿಸಬಾರದೆಂದೇ ಹಾಗೆ ಮಾಡಿದ್ದಾರೆ. ಬಲವಂತವಾಗಿ ಒತ್ತಿ ಕೂರಿಸಿದರೆ ಟೇಲ್ ಜಾಗದಲ್ಲಿ ಬ್ರೇಕ್ ತಂತಿ ಸದಾ ಉರಿಯುತ್ತದೆ. ಬ್ರೇಕ್ ಒತ್ತಿದಾಗ ಹೆಚ್ಚಿನ ವ್ಯತ್ಯಾಸವೇ ಕಾಣುವುದಿಲ್ಲ.

ಲಕ್ಷಣ ನೋಡಿ ರೋಗ ಹಿಡಿಯಿರಿ

ಮೇಸ್ತ್ರಿಯ ಮೊದಲ ಪಾಠ: ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ನೋಡು. ‘ತಮ್ಮಾ, ಕಾಲ್ದು ಬ್ರೇಕ್ ಒತ್ತಿ ನೋಡು. ಆಮ್ಯಾಲೆ ಕೈದು ಒತ್ತಿ ನೋಡು. ಎರಡೂ ಒಟ್ಟಿಗೆ ಒತ್ತಬ್ಯಾಡ.’ ಈ ಒಂದು ಮಾತಿನಲ್ಲಿ ಅರ್ಧ ಕೆಲಸ ಮುಗಿಯುತ್ತದೆ.

ಕಾಲಿನ ಬ್ರೇಕಿಗೆ ಹತ್ತಿ ಕೈಯದ್ದಕ್ಕೆ ಹತ್ತದಿದ್ದರೆ ಬಲ್ಬ್, ಫ್ಯೂಸ್, ಅರ್ತ್ ಮೂರೂ ಸರಿ ಇವೆ. ದೋಷ ಕೈ ಬ್ರೇಕಿನ ಸ್ವಿಚ್ಚಿನಲ್ಲಿ ಅಥವಾ ಅದರ ವೈರಿನಲ್ಲಿ. (ಕೆಲವು ಹಳೆಯ ಬೈಕುಗಳಲ್ಲಿ ಮುಂದಿನ ಲಿವರ್‌ಗೆ ಸ್ವಿಚ್ಚೇ ಇರುವುದಿಲ್ಲ, ಅದನ್ನು ಮೊದಲು ನೋಡಿಕೊಳ್ಳಿ.) ಎರಡಕ್ಕೂ ಹತ್ತದಿದ್ದರೆ ದೋಷ ಎರಡಕ್ಕೂ ಸೇರಿದ ದಾರಿಯಲ್ಲಿ: ಬಲ್ಬ್, ಹೋಲ್ಡರ್, ಅರ್ತ್ ಅಥವಾ ಫ್ಯೂಸ್. ಹಾರ್ನ್, ಇಂಡಿಕೇಟರ್ ಕೂಡ ಸತ್ತಿದ್ದರೆ ಮೊದಲು ಫ್ಯೂಸ್ ಮತ್ತು ಬ್ಯಾಟರಿ ನೋಡಿ.

ಬ್ರೇಕ್ ಬಿಟ್ಟರೂ ದೀಪ ಆರದಿದ್ದರೆ ಸ್ವಿಚ್ ತೀರಾ ಬಿಗಿಯಾಗಿದೆ, ಇಲ್ಲವೇ ಪೆಡಲ್ ಕೆಸರು, ತುಕ್ಕು ಹಿಡಿದು ಪೂರ್ತಿ ಮೇಲೆ ಬರುತ್ತಿಲ್ಲ. ಇದು ಹತ್ತದಿರುವುದಕ್ಕಿಂತ ಕಡಿಮೆ ಅಪಾಯವಲ್ಲ. ಸದಾ ಉರಿಯುವ ದೀಪ ಯಾರಿಗೂ ಏನೂ ಹೇಳುವುದಿಲ್ಲ. ಕಾರಿನಲ್ಲಾದರೆ 21 ವ್ಯಾಟಿನ ಎರಡು ಬಲ್ಬ್ ಸೇರಿ 3.5 ಆಂಪಿಯರ್ ಕುಡಿಯುತ್ತವೆ. 35 ಆಂಪಿಯರ್-ಅವರ್ ಬ್ಯಾಟರಿ ಹತ್ತು ಗಂಟೆಯಲ್ಲಿ ಬರಿದು. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದಿರಲು ಇದೂ ಒಂದು ಕಾರಣ.

ಕಾರು, ವ್ಯಾನ್‌ಗಳಲ್ಲಿ ಬ್ರೇಕ್ ಒತ್ತಿದರೆ ಟೇಲ್ ಲೈಟ್ ಮಂಕಾಗುವುದು, ಇಂಡಿಕೇಟರ್ ಮಿಣಮಿಣ ಎನ್ನುವುದು ಕಂಡರೆ ಕಣ್ಣುಮುಚ್ಚಿ ಅರ್ತ್ ನೋಡಿ. ಕರೆಂಟಿಗೆ ಮರಳುವ ನೇರ ದಾರಿ ಮುಚ್ಚಿದಾಗ ಅದು ಪಕ್ಕದ ತಂತಿಯೊಳಗೆ ನುಗ್ಗಿ, ಬೇರೆ ಬಲ್ಬುಗಳ ಮೂಲಕ ಸುತ್ತು ಹಾಕಿ ಬ್ಯಾಟರಿ ಸೇರುತ್ತದೆ. ಸೇತುವೆ ಮುಳುಗಿದರೆ ಬಸ್ಸು ಬೇರೆ ಊರಿನ ಮೇಲೆ ಸುತ್ತಿ ಬರುವ ಹಾಗೆ.

ಬಲ್ಬ್ ಪದೇ ಪದೇ ಸುಡುತ್ತಿದ್ದರೆ ಬಲ್ಬನ್ನು ಬೈಯಬೇಡಿ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ವೋಲ್ಟೇಜ್ ಅಳೆಯಿರಿ. 14ರ ಆಸುಪಾಸಿನಲ್ಲಿದ್ದರೆ ಸರಿ. 15 ದಾಟುತ್ತಿದ್ದರೆ ರೆಗ್ಯುಲೇಟರ್ ಕೈಕೊಟ್ಟಿದೆ. ವೋಲ್ಟೇಜ್ ಸರಿಯಿದ್ದರೆ ಹೋಲ್ಡರಿನ ಕಂಪನ ಕಾರಣ. ಸಡಿಲವಾದ ಮಡ್‌ಗಾರ್ಡ್ ಬೋಲ್ಟ್ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೆ ಕಥೆ ಮುಗಿಯುತ್ತದೆ.

ಮಲ್ಟಿಮೀಟರ್ ಸುಳ್ಳು ಹೇಳುವುದಿಲ್ಲ, ಆದರೆ…

ಗ್ಯಾರೇಜಿನಲ್ಲಿ ಮಲ್ಟಿಮೀಟರ್ ಇರಲಿಲ್ಲ. ಇದ್ದದ್ದು ಒಂದು ಹಳೆಯ ಬಲ್ಬಿಗೆ ಎರಡು ವೈರು ಬೆಸೆದ ಟೆಸ್ಟ್ ಲ್ಯಾಂಪ್. ‘ನಿನ್ನ ಮೀಟ್ರಿಗಿಂತ ಇದು ಛಲೋ’ ಎಂದು ಮೇಸ್ತ್ರಿ ನಗುತ್ತಿದ್ದರು. ಅದು ಬರೀ ಹೆಮ್ಮೆಯ ಮಾತಲ್ಲ. ಹಿಂದೆ ಶುದ್ಧ ವಿಜ್ಞಾನವಿದೆ.

21 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ 1.75 ಆಂಪಿಯರ್ ಎಳೆಯುತ್ತದೆ. ಉರಿಯುವಾಗ ಅದರ ರೋಧ ಸುಮಾರು 7 ಓಮ್. ಮಲ್ಟಿಮೀಟರ್ ಮಾತ್ರ ವೋಲ್ಟೇಜ್ ಅಳೆಯುವಾಗ ಲೆಕ್ಕಕ್ಕೆ ಬಾರದಷ್ಟು ಕಡಿಮೆ ಕರೆಂಟು ತೆಗೆದುಕೊಳ್ಳುತ್ತದೆ. ಹತ್ತು ಎಳೆಗಳಲ್ಲಿ ಒಂಬತ್ತು ಕಡಿದು ಒಂದೇ ಎಳೆಯಲ್ಲಿ ನೇತಾಡುವ ವೈರಿನಲ್ಲೂ, ಬಲ್ಬ್ ತೆಗೆದು ಅಳೆದರೆ ಮೀಟರ್ 12 ವೋಲ್ಟ್ ತೋರಿಸುತ್ತದೆ. ಅದೇ ಜಾಗದಲ್ಲಿ ಬಲ್ಬ್ ಹತ್ತಿಸಿ, ಬಣ್ಣ ಬಯಲಾಗುತ್ತದೆ. ಖಾಲಿ ಗಾಡಿ ಎಳೆದ ಎತ್ತನ್ನು ಬಲವಾಗಿದೆ ಎಂದು ಹೇಳಲಾಗದು, ಹೇರು ಹಾಕಿದಾಗಲೇ ತಿಳಿಯುವುದು.

ದಾರಿಯಲ್ಲಿ ಬರೀ 1 ಓಮ್ ತುಕ್ಕು ಸೇರಿದರೆ ಏನಾಗುತ್ತದೆ? ಬಲ್ಬಿಗೆ ಸಿಗುವುದು 12ರ ಬದಲು ಸುಮಾರು 10.5 ವೋಲ್ಟ್. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುತ್ತದೆ, ಸರಿಸುಮಾರು ಅದರ 3.4ನೇ ಘಾತದಂತೆ. ಹೀಗಾಗಿ ಬೆಳಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿಬಿಡುತ್ತದೆ. ‘ಹತ್ತುತ್ತಿದೆ’ ಎಂಬುದೂ ‘ಕಾಣುತ್ತಿದೆ’ ಎಂಬುದೂ ಒಂದೇ ಅಲ್ಲ. ಮಧ್ಯಾಹ್ನದ ಬಿಸಿಲಿನಲ್ಲಂತೂ ಮಂಕು ದೀಪ ಇದ್ದೂ ಇಲ್ಲದಂತೆ.

ಕಳೆದ ದೀಪಾವಳಿ ರಜೆಯಲ್ಲಿ ಅಪ್ಪನ ಬೈಕು ಇದೇ ಸ್ಥಿತಿಯಲ್ಲಿತ್ತು. ಅಪ್ಪ ಅಂಗಡಿಗೆ ಸಾಮಾನು ತರಲು ವಾರಕ್ಕೆ ಮೂರು ಸಲ ಕೊಟ್ಟೂರಿಗೆ ಹೋಗಿ, ಕತ್ತಲಾದ ಮೇಲೆ ಮರಳುತ್ತಾರೆ. ಹದಿನೈದು ವರ್ಷ ತುಂಬಿದ್ದರಿಂದ ನೋಂದಣಿ ನವೀಕರಣಕ್ಕೆ ತಪಾಸಣೆಯೂ ಬಾಕಿ ಇತ್ತು. ಬಲ್ಬನ್ನು ಎರಡು ಸಲ ಬದಲಿಸಿದ್ದರು. ಆದರೂ ಬ್ರೇಕ್ ಒತ್ತಿದರೆ ಬೂದಿಯೊಳಗಿನ ಕೆಂಡದಷ್ಟು ಬೆಳಕು.

ಬಲ್ಬನ್ನು ನೇರ ಬ್ಯಾಟರಿಗೆ ಹಿಡಿದೆ. ಝಗ್ಗನೆ ಉರಿಯಿತು. ಬಲ್ಬ್ ನಿರಪರಾಧಿ. ಮತ್ತೆ ಹೋಲ್ಡರಿಗೆ ಕೂರಿಸಿ, ತಂಗಿಗೆ ಪೆಡಲ್ ಒತ್ತಿ ಹಿಡಿಯಲು ಹೇಳಿ, ದೀಪ ಉರಿಯುತ್ತಿರುವಾಗಲೇ ಅಳೆದೆ. ಹೋಲ್ಡರಿನ ಬ್ರೇಕ್ ವೈರಿನಿಂದ ಬ್ಯಾಟರಿ ನೆಗೆಟಿವ್‌ವರೆಗೆ 12.1 ವೋಲ್ಟ್. ಅಂದರೆ ಫ್ಯೂಸ್, ಕೀಲಿ, ಸ್ವಿಚ್ ಎಲ್ಲ ದಾಟಿ ಕರೆಂಟು ಸರಿಯಾಗಿಯೇ ಬರುತ್ತಿದೆ. ಅದೇ ವೈರಿನಿಂದ ಹೋಲ್ಡರಿನ ಲೋಹದ ಮೈವರೆಗೆ 5.2 ಮಾತ್ರ. ಉಳಿದ 6.9 ವೋಲ್ಟ್ ಹೋಲ್ಡರಿನ ಮೈಯಿಂದ ಬ್ಯಾಟರಿ ನೆಗೆಟಿವ್‌ವರೆಗಿನ ದಾರಿಯಲ್ಲಿ ಕಳೆದುಹೋಗುತ್ತಿತ್ತು. ಮೊದಲ ಸೆಮಿಸ್ಟರಿನಲ್ಲಿ ಕಿರ್ಚಾಫ್ ನಿಯಮ ಎಂದು ಓದಿದ್ದು ಇದನ್ನೇ: ಒಂದು ಸುತ್ತಿನಲ್ಲಿ ಬಂದಿದ್ದೆಲ್ಲಕ್ಕೂ ಲೆಕ್ಕ ಸಿಗಲೇಬೇಕು. ಮಡ್‌ಗಾರ್ಡ್ ಒಳಗೆ ಅರ್ತ್ ವೈರಿನ ಉಂಗುರ ಕೂತಿದ್ದ ಬೋಲ್ಟ್ ಬಿಚ್ಚಿದೆ. ಕೆರೆಯಲ್ಲಿ ತೊಳೆದ ನೀರು, ಹೊಲದ ಎರೆಮಣ್ಣು ಸೇರಿ ಉಂಗುರದ ಸುತ್ತ ತುಕ್ಕು ಕಟ್ಟಿತ್ತು. ಸ್ಯಾಂಡ್‌ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಸ್ವಲ್ಪ ಗ್ರೀಸ್ ಸವರಿದೆ. 6.9 ಇದ್ದದ್ದು 0.1ಕ್ಕೆ ಇಳಿಯಿತು. ಎದುರಿನ ಗೋಡೆ ಪೂರ್ತಿ ಕೆಂಪಾಯಿತು.

ಅಪ್ಪ ನೋಡಿ ‘ಇಷ್ಟೇನಾ?’ ಎಂದರು. ಖರ್ಚು ಎಷ್ಟಾಯಿತು ಎಂದು ಮಾತ್ರ ಎರಡು ಸಲ ಕೇಳಿದರು. ಮರುದಿನ ಪಕ್ಕದ ಮನೆಯವರ ಬೈಕೂ ನಮ್ಮ ಅಂಗಳಕ್ಕೆ ಬಂತು.

ಅರ್ಧಕ್ಕರ್ಧ ಹುಡುಕಿ

ದೋಷ ಎಲ್ಲಿದೆ ಎಂದು ಒಂದು ತುದಿಯಿಂದ ಬಿಚ್ಚುತ್ತಾ ಹೋದರೆ ಸಂಜೆಯಾಗುತ್ತದೆ. ನಡುವಿನಿಂದ ಶುರು ಮಾಡಿ. ಹೋಲ್ಡರ್‌ವರೆಗೆ ಕರೆಂಟು ಬಂದಿದೆಯೇ? ಬಂದಿದ್ದರೆ ದೋಷ ಬಲ್ಬ್ ಅಥವಾ ಅರ್ತ್ ಕಡೆ. ಬಂದಿಲ್ಲವಾದರೆ ಬ್ರೇಕ್ ಸ್ವಿಚ್ಚಿಗೆ ಬನ್ನಿ. ಅದರ ಎರಡು ವೈರುಗಳನ್ನು ಕಳಚಿ ಒಂದಕ್ಕೊಂದು ತಾಗಿಸಿ. ದೀಪ ಹತ್ತಿದರೆ ಸ್ವಿಚ್ ಕೆಟ್ಟಿದೆ. ಹತ್ತದಿದ್ದರೆ ಸ್ವಿಚ್ಚಿಗೆ ಕರೆಂಟು ಬರುತ್ತಿದೆಯೇ ನೋಡಿ. ಬಂದಿದ್ದರೆ ಅಲ್ಲಿಂದ ಹಿಂದಕ್ಕೆ ಹೋಗುವ ವೈರು ಕಡಿದಿದೆ, ಬಂದಿಲ್ಲವಾದರೆ ಫ್ಯೂಸ್, ಕೀಲಿ ಕಡೆ ಹೋಗಿ. ಪ್ರತಿ ಪರೀಕ್ಷೆಯಲ್ಲೂ ಅರ್ಧ ದಾರಿ ಲೆಕ್ಕದಿಂದ ಹೊರಗೆ. ಹದಿನಾರು ಜೋಡಣೆಗಳಿದ್ದರೂ ನಾಲ್ಕೇ ಪರೀಕ್ಷೆ ಸಾಕು. ಕಂಪ್ಯೂಟರ್ ಸೈನ್ಸ್ ಗೆಳೆಯರು ಇದನ್ನೇ ಬೈನರಿ ಸರ್ಚ್ ಎನ್ನುತ್ತಾರೆ.

ಹೋಂಡಾ ಪದ್ಧತಿಯ ವೈರಿಂಗ್ ಇರುವ ಬೈಕುಗಳಲ್ಲಿ ಹಸಿರು ಅರ್ತ್, ಕಪ್ಪು ಕೀಲಿಯಿಂದ ಬರುವ ಪ್ಲಸ್, ಹಸಿರಿನ ಮೇಲೆ ಹಳದಿ ಗೆರೆ ಇರುವುದು ಬ್ರೇಕ್ ಲೈಟ್, ಕಂದು ಟೇಲ್ ಲೈಟ್. ಬೇರೆ ಕಂಪನಿಗಳಲ್ಲಿ ಬಣ್ಣ ಬೇರೆ. ಹಳೆಯ ಗಾಡಿಯಲ್ಲಿ ಯಾರೋ ಎಂದೋ ಸಿಕ್ಕ ವೈರು ಸೇರಿಸಿರುತ್ತಾರೆ. ಹಾಗಾಗಿ ಬಣ್ಣ ನಂಬಿ, ಆದರೆ ಪರೀಕ್ಷಿಸಿ.

ಕಾಲಿನ ಬ್ರೇಕಿನ ಸ್ವಿಚ್ಚನ್ನು ಸಣ್ಣ ಸ್ಪ್ರಿಂಗ್ ಎಳೆಯುತ್ತದೆ. ಪೆಡಲ್‌ನ ಸಡಿಲು ಮುಗಿದು ಬ್ರೇಕ್ ಹಿಡಿಯಲು ಶುರುವಾಗುವಾಗ ದೀಪ ಹತ್ತಿರಬೇಕು. ಹೊಂದಿಸುವಾಗ ನಟ್ ಮಾತ್ರ ತಿರುಗಿಸಿ, ಸ್ವಿಚ್ಚಿನ ಮೈಯನ್ನು ತಿರುಗಿಸಿದರೆ ವೈರು ತಿರುಚಿ ಕಡಿಯುತ್ತದೆ. ಬ್ರೇಕ್ ಟೈಟ್ ಮಾಡಿಸಿದಾಗಲೆಲ್ಲ ಇದನ್ನೂ ನೋಡಿ.

ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನೋ ತಾಮ್ರದ ಎಳೆಯನ್ನೋ ಸುತ್ತುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಅಲ್ಲಿ ಸುಡಬೇಕಾದದ್ದು ಫ್ಯೂಸ್, ಅದರ ಬದಲು ವೈರಿಂಗೇ ಸುಡುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ. ಬ್ರೇಕ್ ಒತ್ತಿದಾಗಲೇ ಫ್ಯೂಸ್ ಹೋಗುತ್ತಿದ್ದರೆ ಬ್ರೇಕ್ ಲೈಟಿನ ವೈರು ಎಲ್ಲೋ ಚಾಸಿಗೆ ತಾಗುತ್ತಿದೆ. ಹಿಂದಿನ ಕ್ಯಾರಿಯರ್ ಬೋಲ್ಟಿನ ಬಳಿ ಮೊದಲು ನೋಡಿ.

ಇನ್ನೊಂದು ‘ದೋಷ’ಕ್ಕೆ ಮೀಟರೇ ಬೇಡ. ಹಡಗಲಿಯ ಮಲ್ಲಿಗೆ ಬುಟ್ಟಿ, ಮೇವಿನ ಹೊರೆ, ಹಾಲಿನ ಕ್ಯಾನು ದೀಪದ ಮುಂದೆ ನೇತಾಡುತ್ತಿದ್ದರೆ ಒಳಗೆ ಎಷ್ಟು ಚೆಂದ ಉರಿದರೂ ಪ್ರಯೋಜನವಿಲ್ಲ.

ಒಂದು ದೀಪದ ಬೆಲೆ

1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೊಯೆವೊಡ್ಸ್ಕಿ ಸ್ಯಾನ್ ಫ್ರಾನ್ಸಿಸ್ಕೊದ ಟ್ಯಾಕ್ಸಿಗಳ ಹಿಂಬದಿಗೆ ಮೂರನೇ ಬ್ರೇಕ್ ಲೈಟ್ ಹಚ್ಚಿ ನೋಡಿದರು. ಆ ಟ್ಯಾಕ್ಸಿಗಳಿಗೆ ಹಿಂದಿನಿಂದ ಗುದ್ದುವ ಅಪಘಾತಗಳು ಶೇ 60ರಷ್ಟು ಕಡಿಮೆಯಾದವು. 1986ರ ಮಾದರಿಯಿಂದ ಅಲ್ಲಿನ ಕಾರುಗಳಿಗೆ ಅದು ಕಡ್ಡಾಯವಾಯಿತು. ಎಲ್ಲ ಕಾರುಗಳಿಗೂ ಬಂದು ಜನರ ಕಣ್ಣಿಗೆ ರೂಢಿಯಾದ ಮೇಲೆ ಲಾಭ ಸುಮಾರು ಶೇ 4ಕ್ಕೆ ಇಳಿಯಿತು. ಅದು ಎರಡರ ಜೊತೆಗೆ ಮೂರನೆಯದು ಸೇರಿಸಿದ ಲಾಭ. ನಮ್ಮಲ್ಲಿ ಇರುವ ಒಂದೇ ದೀಪವೂ ಹತ್ತದ ಬೈಕುಗಳಿವೆ, ದೀಪದ ಗುರುತೇ ಇಲ್ಲದ ಟ್ರೇಲರ್‌ಗಳಿವೆ.

ಟ್ರ್ಯಾಕ್ಟರ್‌ಗಳ ಹಿಂದೆ ಟ್ರೇಲರ್ ದೀಪಕ್ಕೆಂದೇ 7 ಪಿನ್ನಿನ ಸಾಕೆಟ್ ಕೊಟ್ಟಿರುತ್ತಾರೆ. ಎಷ್ಟೋ ಕಡೆ ಅದರ ಮುಚ್ಚಳವನ್ನೂ ಯಾರೂ ತೆಗೆದಿರುವುದಿಲ್ಲ. ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಸುಗ್ಗಿಯಲ್ಲಿ ಒಂದು ದಿನ ಎಪಿಎಂಸಿ ಅಂಗಳದಲ್ಲಿ ಕೂತರೆ ಸಾಕು. ಒಂದಿಷ್ಟು ಬಲ್ಬ್, ಒಂದು ಟೆಸ್ಟ್ ಲ್ಯಾಂಪ್, ಕೆಂಪು ರಿಫ್ಲೆಕ್ಟರ್ ಪಟ್ಟಿಯ ಒಂದು ಸುರುಳಿ. ಜೊತೆಗೆ ಐಟಿಐ ಹುಡುಗರು ಇಬ್ಬರಿದ್ದರೆ ನಮಗಿಂತ ಬೇಗ ಕೆಲಸ ಮುಗಿಸುತ್ತಾರೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಒಂದು ಮಾತು. ಸಂದರ್ಶನದಲ್ಲಿ ‘ಒಂದು ಯಂತ್ರ ಕೆಟ್ಟರೆ ನೀವು ಹೇಗೆ ಹುಡುಕುತ್ತೀರಿ?’ ಎಂದು ಕೇಳುವುದುಂಟು. ಪುಸ್ತಕದ ವ್ಯಾಖ್ಯೆ ಒಪ್ಪಿಸುವವರು ಬಹಳ ಜನ ಸಿಗುತ್ತಾರೆ. ಲಕ್ಷಣ ನೋಡಿದೆ, ದಾರಿಯನ್ನು ಎರಡು ಭಾಗ ಮಾಡಿದೆ, ಹೊರೆ ಹಾಕಿ ಅಳೆದೆ, ಸರಿಪಡಿಸಿ ಮತ್ತೆ ಅಳೆದೆ ಎಂದು ತಾನೇ ಮಾಡಿದ ಕೆಲಸ ಹೇಳುವವರು ಕಡಿಮೆ. ಇದನ್ನು ಕಲಿಯಲು ದೊಡ್ಡ ಲ್ಯಾಬ್ ಬೇಡ, ಮನೆ ಮುಂದೆ ನಿಂತ ಹಳೆಯ ಬೈಕು ಸಾಕು.

ಇಂದು ರಾತ್ರಿಯೇ ಶುರು ಮಾಡಬಹುದು. ಬೈಕಿನ ಹಿಂಬದಿ ಗೋಡೆಗೆ ಎರಡು ಅಡಿ ದೂರವಿರುವಂತೆ ನಿಲ್ಲಿಸಿ ಕೀಲಿ ಹಾಕಿ. ಮೊದಲು ಕಾಲಿನ ಬ್ರೇಕ್, ನಂತರ ಕೈಯದ್ದು. ಹಿಂತಿರುಗಿ ಗೋಡೆ ನೋಡಿ. ಗೋಡೆ ಕೆಂಪಾಗದಿದ್ದರೆ, ಬೆಳಿಗ್ಗೆ ಗಾಡಿ ಹೊರ ತೆಗೆಯುವ ಮೊದಲು ಬಲ್ಬ್ ಬಿಚ್ಚಿ.